ಅಂಕ, ಅರ್ಹತೆ ಮತ್ತು ದಾಸೋಹ

ಶರಣರು ಮನುಷ್ಯನ ಹಿರಿಮೆಯನ್ನು ಕುಲದಲ್ಲಿ ಅರಸದೆ ಅವನ ಅರಿವು ಆಚಾರಗಳಲ್ಲಿ ಅರಸಿದರೆಂಬುದು ಸರ್ವವಿದಿತವಾದ ಸಂಗತಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತೊಗಲು ಹದಮಾಡುವ ಕಕ್ಕಯ್ಯನೂ, ದೋಣಿ ನಡೆಸುವ ಚೌಡಯ್ಯನೂ, ಬುಟ್ಟಿ ಹೆಣೆಯುವ ಕೇತಯ್ಯನೂ, ಹಗ್ಗ ಹೊಸೆಯುವ ಚಂದಯ್ಯನೂ ಶರಣಗೋಷ್ಠಿಯಲ್ಲಿ ಸರಿಸಮಾನರಾಗಿ ಕುಳಿತರು. ಇವರ ತಂದೆ ಏನು ಓದಿದ್ದನು, ತಾತನು ಎಂತಹ ಮನೆಯವನು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಇಂದಿನ ಪರೀಕ್ಷಾಪದ್ಧತಿಯೂ ಮೇಲ್ನೋಟಕ್ಕೆ ಇದೇ ತತ್ತ್ವವನ್ನು ಸಾರುವಂತೆ ತೋರುತ್ತದೆ. ಉತ್ತರಪತ್ರಿಕೆಯ ಮೇಲೆ ವಿದ್ಯಾರ್ಥಿಯ ಕುಲವಿಲ್ಲ, ಹೆಸರಿಲ್ಲ. ಒಂದು ಸಂಖ್ಯೆ ಮಾತ್ರವಿರುತ್ತದೆ. ಬಡವನ ಮಗನಿಗೂ ಬಲ್ಲಿದನ ಮಗನಿಗೂ ಅದೇ ಪ್ರಶ್ನೆ, ಅದೇ ವೇಳೆ. ಆದಕಾರಣ ಹೆಚ್ಚು ಅಂಕ ಪಡೆದವನು ಹೆಚ್ಚು ಅರ್ಹನು, ಕಡಿಮೆ ಪಡೆದವನು ಅನರ್ಹನು ಎಂದು ಲೋಕವು ಸುಲಭವಾಗಿ ತೀರ್ಮಾನಿಸುತ್ತದೆ. ಈ ತೀರ್ಮಾನವು ಎಷ್ಟರಮಟ್ಟಿಗೆ ಸರಿ? ಶಿವಭಕ್ತರಾದ ಗೃಹಸ್ಥರು ನಿಧಾನವಾಗಿ ವಿಚಾರಿಸಬೇಕಾದ ಪ್ರಶ್ನೆ ಇದು.

ಪರೀಕ್ಷೆಯು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಹುಟ್ಟನ್ನೂ ಶಿಫಾರಸನ್ನೂ ನೋಡಿ ಉದ್ಯೋಗ ಕೊಡುತ್ತಿದ್ದ ಕಾಲಕ್ಕಿಂತ ಪರೀಕ್ಷೆಯನ್ನು ನೋಡಿ ಕೊಡುವ ಕಾಲವು ನಿಸ್ಸಂದೇಹವಾಗಿ ಮೇಲು. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1959ರಲ್ಲಿ ಬರೆದ ಲೇಖನದಲ್ಲಿ, ಮಗುವು ಮನೆಯಿಂದ ಬಂದ ಸ್ಥಾನವನ್ನು ಬಿಟ್ಟು ತನ್ನ ಸಾಧನೆಯಿಂದಲೇ ಹೊಸ ಸ್ಥಾನವನ್ನು ಪಡೆಯಲು ಕಲಿಯುವ ಎಡೆಯೇ ಶಾಲೆಯ ತರಗತಿ ಎಂದು ವಿವರಿಸಿದನು. ಈ ಮಾತಿನಲ್ಲಿ ಸತ್ಯವುಂಟು. ಹಳ್ಳಿಯ ಗುಡಿಸಿಲಿನಿಂದ ಹೊರಟು ವಿದ್ಯಾಬಲದಿಂದಲೇ ಮೇಲೆ ಬಂದವರನ್ನು ಪ್ರತಿಯೊಂದು ಊರಿನವರೂ ಬಲ್ಲರು.

ಆದರೆ ಇದು ಪೂರ್ಣಸತ್ಯವಲ್ಲ. ಇಬ್ಬರು ಒಕ್ಕಲಿಗರು ಒಂದೇ ದಿನ ಒಂದೇ ಬೀಜವನ್ನು ಬಿತ್ತುತ್ತಾರೆ. ಒಬ್ಬನದು ಕಾಲುವೆಯ ಕೆಳಗಿನ ಗದ್ದೆ. ಇನ್ನೊಬ್ಬನದು ಮಳೆಯನ್ನೇ ನಂಬಿದ ಕಲ್ಲುನೆಲ. ಸುಗ್ಗಿಯಲ್ಲಿ ಇಬ್ಬರ ರಾಶಿಯನ್ನೂ ಒಂದೇ ಕೊಳಗದಿಂದ ಅಳೆಯುತ್ತಾರೆ. ಕೊಳಗವು ಮೋಸಮಾಡಿತೆಂದು ಯಾರೂ ಹೇಳಲಾರರು. ಆದರೆ ಆ ಕೊಳಗವನ್ನು ನೋಡಿ ಇವನು ಶ್ರಮಿಕ, ಅವನು ಸೋಮಾರಿ ಎಂದರೆ ಅದು ಧರ್ಮದ ಮಾತಾದೀತೇ? ಪರೀಕ್ಷೆಯು ರಾಶಿಯನ್ನು ಅಳೆಯುತ್ತದೆ, ಹೊಲವನ್ನು ಅಳೆಯುವುದಿಲ್ಲ.

ಹೊಲವನ್ನು ಅಳೆಯಲು ಹೊರಟ ವಿದ್ವಾಂಸರು ಕಂಡುಕೊಂಡ ವಿಷಯಗಳು ಮನನೀಯವಾಗಿವೆ. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ನನ ನೇತೃತ್ವದಲ್ಲಿ ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರಿಶೀಲಿಸಿ 1966ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಶಾಲೆಯ ಕಟ್ಟಡ, ಉಪಕರಣ, ವೆಚ್ಚ ಇವುಗಳ ವ್ಯತ್ಯಾಸಕ್ಕಿಂತ ಮಗುವಿನ ಮನೆಯ ಸ್ಥಿತಿಯೂ ಜೊತೆಯಲ್ಲಿ ಕಲಿಯುವ ಮಕ್ಕಳ ಸ್ಥಿತಿಯೂ ಫಲಿತಾಂಶದ ಮೇಲೆ ಹೆಚ್ಚು ಪರಿಣಾಮ ಮಾಡುತ್ತವೆಂದು ಅದರಿಂದ ತಿಳಿದುಬಂತು. ಫ್ರಾನ್ಸಿನಲ್ಲಿ ಪಿಯರ್ ಬೋರ್ದಿಯು ಮತ್ತು ಪಾಸರೋನ್ ಎಂಬ ಇಬ್ಬರು 1964ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ವಾರಸುದಾರರು’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಓದುಬರಹ ಬಲ್ಲವರ ಮನೆಯ ಮಗುವು ಶಾಲೆಗೆ ಹೋಗುವ ಮೊದಲೇ ಶಾಲೆಯ ಭಾಷೆಯನ್ನೂ, ಗ್ರಂಥದ ಬಳಕೆಯನ್ನೂ, ಹಿರಿಯರೊಡನೆ ಅಳುಕಿಲ್ಲದೆ ಮಾತನಾಡುವ ರೀತಿಯನ್ನೂ ತಾಯಿಯ ಮಡಿಲಲ್ಲಿಯೇ ಕಲಿತಿರುತ್ತದೆ. ಇದನ್ನು ಬೋರ್ದಿಯು ಮುಂದೆ ಸಾಂಸ್ಕೃತಿಕ ಬಂಡವಾಳವೆಂದು ಕರೆದನು. ಹೊಲಮನೆಗಳಂತೆ ಇದೂ ಪಿತ್ರಾರ್ಜಿತವೇ. ಆದರೆ ಹೊಲಮನೆಗಳು ತಂದೆಯಿಂದ ಬಂದವೆಂದು ಎಲ್ಲರಿಗೂ ತಿಳಿದಿರುತ್ತದೆ. ಈ ಆಸ್ತಿಯಾದರೋ ಹುಟ್ಟು ಪ್ರತಿಭೆಯೆಂಬ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಪಡೆದವನಿಗೂ ತಾನು ಪಡೆದೆನೆಂಬ ಅರಿವಿರುವುದಿಲ್ಲ.

ಅರಿವಿಲ್ಲದೆಡೆಯಲ್ಲಿ ಅಹಂಕಾರವು ಬೆಳೆಯುತ್ತದೆ. ಇಂಗ್ಲೆಂಡಿನ ಮೈಕೇಲ್ ಯಂಗ್ ಎಂಬವನು ಇದನ್ನು ಮುಂಚೆಯೇ ಕಂಡನು. 1944ರ ಶಿಕ್ಷಣ ಕಾನೂನಿನ ತರುವಾಯ ಆ ದೇಶದಲ್ಲಿ ಹನ್ನೊಂದರ ವಯಸ್ಸಿನ ಮಕ್ಕಳನ್ನು ಪರೀಕ್ಷಿಸಿ ಬೇರೆ ಬೇರೆ ಬಗೆಯ ಶಾಲೆಗಳಿಗೆ ಕಳುಹಿಸುತ್ತಿದ್ದರು. 1958ರಲ್ಲಿ ಯಂಗ್ ಒಂದು ವಿಡಂಬನ ಗ್ರಂಥವನ್ನು ಬರೆದು, ಬುದ್ಧಿ ಮತ್ತು ಪ್ರಯತ್ನಗಳನ್ನು ಕೂಡಿಸಿ ಅದರ ಮೊತ್ತದಂತೆ ಜನರನ್ನು ಆಳುವ ಭವಿಷ್ಯದ ರಾಜ್ಯವೊಂದನ್ನು ಚಿತ್ರಿಸಿದನು. ಅಲ್ಲಿ ಮೇಲಿನವರು ತಮ್ಮ ಸ್ಥಾನಕ್ಕೆ ತಾವೇ ಕಾರಣರೆಂದು ಬೀಗುತ್ತಾರೆ. ಕೆಳಗಿನವರು ತಮ್ಮ ಹೀನಸ್ಥಿತಿಗೆ ತಮ್ಮ ದಡ್ಡತನವೇ ಕಾರಣವೆಂದು ಕುಗ್ಗುತ್ತಾರೆ. ಕೊನೆಗೆ 2034ರಲ್ಲಿ ದಂಗೆಯೇಳುತ್ತಾರೆ. ‘ಮೆರಿಟಾಕ್ರಸಿ’ ಎಂಬ ಪದವು ಪ್ರಸಿದ್ಧಿಗೆ ಬಂದದ್ದು ಈ ಗ್ರಂಥದಿಂದ. ಎಚ್ಚರಿಕೆಯಾಗಿ ಹೇಳಿದ ಪದವನ್ನು ಲೋಕವು ಹೊಗಳಿಕೆಯಾಗಿ ಬಳಸುತ್ತಿರುವುದನ್ನು ಕಂಡು ಯಂಗ್ 2001ರಲ್ಲಿ, ತನ್ನ ಅಂತ್ಯಕಾಲದ ಸಮೀಪದಲ್ಲಿ, ಬಹಿರಂಗವಾಗಿ ವಿಷಾದಿಸಿದನು.

ಕನ್ನಡ ನಾಡಿಗೂ ಈ ಚರ್ಚೆಯು ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಸರಕಾರಿ ಉದ್ಯೋಗಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯವನ್ನು ಹೆಚ್ಚಿಸುವುದೆಂತು ಎಂಬುದು ಅದರ ಮುಂದಿದ್ದ ಪ್ರಶ್ನೆ. ಅರ್ಹತೆಯನ್ನು ಸಡಿಲಿಸಿದರೆ ಆಡಳಿತದ ದಕ್ಷತೆ ಕುಂದುವುದೆಂಬುದು ದಿವಾನ್ ವಿಶ್ವೇಶ್ವರಯ್ಯನವರ ಕಳವಳವಾಗಿತ್ತು. ಈ ಭಿನ್ನಾಭಿಪ್ರಾಯದ ನಡುವೆಯೇ ಅವರು ಅದೇ ವರ್ಷ ದಿವಾನಗಿರಿಯನ್ನು ಬಿಟ್ಟರು. ಏಳು ವರ್ಷಗಳೊಳಗಾಗಿ ಮೇಲಿನ ಉದ್ಯೋಗಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಸಮಿತಿಯು ಸಲಹೆ ಮಾಡಿತು. ಆ ಬ್ರಾಹ್ಮಣೇತರರಲ್ಲಿ ವೀರಶೈವರೂ ಸೇರಿದ್ದರು.

ಈ ಸಂಗತಿಯನ್ನು ಸದ್ಭಕ್ತರು ಮರೆಯಬಾರದು. ಇಂದು ವೈದ್ಯರೂ ಇಂಜಿನಿಯರರೂ ಅಧಿಕಾರಿಗಳೂ ಆಗಿರುವವರ ಅಜ್ಜ ಮುತ್ತಜ್ಜಂದಿರು ಒಂದು ಕಾಲದಲ್ಲಿ ಅರ್ಹತೆ ಸಾಲದೆಂದು ಹೇಳಿಸಿಕೊಂಡ ಸಾಲಿನಲ್ಲಿಯೇ ನಿಂತಿದ್ದರು. ಅವರಲ್ಲಿ ಬುದ್ಧಿಯ ಕೊರತೆಯಿರಲಿಲ್ಲ. ಶಾಲೆಯ, ಅನ್ನದ, ವಸತಿಯ ಕೊರತೆಯಿತ್ತು. ಅದನ್ನು ನೀಗಿದ್ದು ದಾಸೋಹ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದರು. ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತಗಳನ್ನು ಎಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಪ್ರಸಾದನಿಲಯದಲ್ಲಿ ಉಂಡು ಓದಿದವನ ಅಂಕಪಟ್ಟಿಯಲ್ಲಿ ಆ ಅನ್ನಕ್ಕೆ ಭಿಕ್ಷೆ ನೀಡಿದವರ ಹೆಸರು ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಋಣವು ಇಲ್ಲವಾಗುತ್ತದೆಯೇ?

ಹೀಗಿರಲಾಗಿ, ಅಂದು ಹಿರಿಯರಿಗೆ ಹೇಳಿದ ಮಾತನ್ನೇ ಇಂದು ಮೊಮ್ಮಕ್ಕಳು ಮತ್ತೊಬ್ಬರ ಮಕ್ಕಳಿಗೆ ಹೇಳುವುದು ಸಲ್ಲದು. ಜೀತಗಾರನ ಮಗನು, ಪೌರಕಾರ್ಮಿಕಳ ಮಗಳು ಕಡಿಮೆ ಅಂಕ ಪಡೆದು ಕಾಲೇಜು ಸೇರಿದಾಗ, ಅರ್ಹತೆಯಿಲ್ಲದವರು ಬಂದರೆಂದು ಮೂಗುಮುರಿಯುವ ಮಾತು ಭಕ್ತರ ಮನೆಗಳಲ್ಲಿಯೂ ಕೇಳಿಬರುವುದುಂಟು. 2022ರ ಜನವರಿಯಲ್ಲಿ, ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ಮೊಕದ್ದಮೆಯೊಂದರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಸ್ಪಷ್ಟಪಡಿಸಿತು. ಸ್ಪರ್ಧಾಪರೀಕ್ಷೆಯು ಕೊಡುವುದು ಹೊರಗಣ ಸಮಾನತೆಯನ್ನು. ಮನೆತನದಿಂದಲೂ ಹಣದಿಂದಲೂ ಪರಿಸರದಿಂದಲೂ ಬಂದ ಅನುಕೂಲಗಳನ್ನು ಅದು ತೋರಿಸದು. ಆದಕಾರಣ ಅರ್ಹತೆಯನ್ನು ಅಂಕಗಳಿಗೆ ಮಾತ್ರ ಇಳಿಸಲಾಗದು ಎಂಬುದು ಅದರ ಅಭಿಪ್ರಾಯದ ಸಾರ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ದಾರಿ ತೋರುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಇದು ಸಲ್ಲುವುದಕ್ಕಿಂತ ಹೆಚ್ಚಾಯಿತು, ತಂದಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದಳು. ಮಾರಯ್ಯನು ಕದ್ದಿರಲಿಲ್ಲ, ಬಾಗಿ ಬಾಗಿಯೇ ಆಯ್ದಿದ್ದನು. ಆದರೂ ಕೈಗೆ ಬಂದುದೆಲ್ಲವೂ ತನ್ನದಲ್ಲವೆಂಬ ವಿವೇಕ ಆ ತಾಯಿಗಿತ್ತು.

ಅಂಕಪಟ್ಟಿಯನ್ನು ಹಿಡಿದು ಬಂದ ಮಗುವಿನ ಮುಂದೆ ಪ್ರತಿಯೊಬ್ಬ ಗೃಹಿಣಿಯೂ ಲಕ್ಕಮ್ಮನಾಗಬೇಕು. ಮಗುವಿನ ಶ್ರಮವನ್ನು ಮೆಚ್ಚಬೇಕು, ಅದು ಅದರ ಕಾಯಕ. ಅದರ ಜೊತೆಗೆ ಇದರಲ್ಲಿ ಎಷ್ಟು ನಿನ್ನದು, ಎಷ್ಟು ಪಡೆದದ್ದು ಎಂದು ಕೇಳಲು ಕಲಿಸಬೇಕು. ಅಂಕವನ್ನು ಹಿಂದಿರುಗಿಸಲಾಗದು, ಅದರಿಂದ ಬಂದ ವಿದ್ಯೆಯನ್ನೂ ಗಳಿಕೆಯನ್ನೂ ಸಮಾಜಕ್ಕೆ ಸವೆಸಬಹುದು. ಮನೆಗೆಲಸದವಳ ಮಗುವಿಗೆ ಓದಲು ಒಂದು ಮೂಲೆ, ಒಂದು ದೀಪ, ಸಂಜೆಯ ಒಂದು ಗಂಟೆಯ ಪಾಠವನ್ನು ಕೊಡುವುದು ಯಾವ ಗೃಹಸ್ಥನಿಗೂ ಭಾರವಲ್ಲ. ಕೊಟ್ಟೆನೆಂಬ ಭಾವವು ಅಲ್ಲಿ ಇಣುಕಬಾರದು. ಇಣುಕಿದರೆ ಅದು ದಾನವಾದೀತು, ದಾಸೋಹವಾಗದು.

ಇನ್ನು ಪರೀಕ್ಷೆಯಲ್ಲಿ ಸೋತ ಮಗುವಿನ ಮಾತು. ಫಲಿತಾಂಶದ ದಿನ ಅವಮಾನವನ್ನು ತಾಳಲಾರದೆ ಪ್ರಾಣ ನೀಗುವ ಮಕ್ಕಳ ಸುದ್ದಿ ವರ್ಷವರ್ಷವೂ ಬರುತ್ತದೆ. ಒಂದು ಸಂಖ್ಯೆಯೇ ಮನುಷ್ಯನ ಬೆಲೆಯೆಂದು ಆ ಎಳೆಯ ಮನಸ್ಸಿಗೆ ಕಲಿಸಿದವರು ಹಿರಿಯರೇ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಾಯಲ್ಲಿ ಹೇಳಿ, ಅಂಕ ಕಡಿಮೆಯಾದ ಮಗುವನ್ನು ಉಣ್ಣುವಾಗ ಹಂಗಿಸುವ ಮನೆಯಲ್ಲಿ ಲಿಂಗಪೂಜೆಯು ನಡೆದರೂ ಜಂಗಮವು ಹಸಿದೇ ಇರುತ್ತದೆ. ಗೆದ್ದ ಮಗುವಿಗೆ ವಿನಯವನ್ನೂ ಸೋತ ಮಗುವಿಗೆ ಧೈರ್ಯವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸುವುದು ಭಕ್ತನ ಮನೆಯ ಲಕ್ಷಣ.