ಭಾವಚಿತ್ರದ ತಿದ್ದುಪಡಿ

ತೀರಿಕೊಂಡ ತಾಯಿಯ ಹಳೆಯ ಪಟವೊಂದನ್ನು ಮಗನು ಛಾಯಾಚಿತ್ರಗಾರನ ಅಂಗಡಿಗೆ ತರುತ್ತಾನೆನ್ನಿ. ಪಟದ ನಡುವೆ ಮಡಿಕೆಯ ಬಿರುಕು. ತಾಯಿಯ ಕೆನ್ನೆಗಳ ಮೇಲೆ ಸಿಡುಬಿನ ಕಲೆಗಳು. ಬಿರುಕನ್ನು ಮುಚ್ಚಬೇಕು, ಕಲೆಗಳನ್ನು ಅಳಿಸಬೇಕು, ಮೈಬಣ್ಣವನ್ನು ಕೊಂಚ ತಿಳಿಯಾಗಿಸಬೇಕು ಎಂಬ ಮೂರು ಕೋರಿಕೆಗಳನ್ನು ಆತನು ಒಂದೇ ಉಸಿರಿನಲ್ಲಿ ಮುಂದಿಡುತ್ತಾನೆ. ಗಣಕಯಂತ್ರದ ಮುಂದೆ ಕುಳಿತವನಿಗೆ ಮೂರೂ ಕೆಲವು ನಿಮಿಷಗಳ ಕೆಲಸವೇ. ಆದರೆ ಮೂರೂ ಒಂದೇ ಜಾತಿಯ ಕೆಲಸಗಳೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮುಖವನ್ನು ತಿದ್ದುವ ಆಸೆಯೇನೂ ಹೊಸದಲ್ಲ. 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿಯೇ ಮ್ಯೂನಿಕ್ ನಗರದ ಫ್ರಾಂಟ್ಸ್ ಹಾನ್ಫ್‌ಸ್ಟೆಂಗಲ್ ತಿದ್ದಿದ ನೆಗೆಟಿವ್ ಒಂದನ್ನು ಜನರ ಮುಂದಿಟ್ಟಿದ್ದನು. ಈ ನಾಡಿನ ಸ್ಟುಡಿಯೋಗಳಲ್ಲಿಯೂ ನೆಗೆಟಿವ್‌ನ ಹಿಂದಿನಿಂದ ಬೆಳಕನ್ನು ಹಾಯಿಸಿ, ಸೂಜಿಯಂತೆ ಚೂಪುಮಾಡಿದ ಸೀಸದಕಡ್ಡಿಯಿಂದ ಸುಕ್ಕುಗಳನ್ನು ಮರೆಸುವ ಕುಶಲಿಗಳಿದ್ದರು. ಕಣ್ಣು, ಕೈ, ತಾಳ್ಮೆಗಳು ಆ ಕೆಲಸಕ್ಕೆ ಒಂದು ಮಿತಿಯನ್ನು ಹಾಕಿದ್ದವು. 1990ರಲ್ಲಿ ನೋಲ್ ಸಹೋದರರು ರಚಿಸಿದ ಫೋಟೋಶಾಪ್ ಮಾರುಕಟ್ಟೆಗೆ ಬಂದ ಮೇಲೆ ಆ ಮಿತಿ ಸಡಿಲವಾಯಿತು; 2002ರಲ್ಲಿ ಅದಕ್ಕೆ ಸೇರಿದ ಒಂದು ಕುಂಚವಂತೂ ನಯವಾದ ಚರ್ಮವನ್ನು ಪಕ್ಕದಿಂದ ತಂದು ಕಲೆಯ ಮೇಲೆ ಹೊದಿಸಿ, ಅಲ್ಲಿಯ ಬೆಳಕು ನೆರಳುಗಳಿಗೆ ತಾನಾಗಿ ಹೊಂದಿಸಿಬಿಡುತ್ತದೆ. ಅದಕ್ಕೆ ವಾಸಿಮಾಡುವ ಕುಂಚವೆಂದು ಹೆಸರು! ಯಾರಿಗೆ ಏನು ರೋಗವಾಗಿತ್ತೆಂದು ಅದು ಕೇಳುವುದಿಲ್ಲ.

ಚಿತ್ರಕಾರನು ಬರೆದ ಮುಖದಲ್ಲಿ ಅವನ ಕೈಯಿರುವುದೆಂದು ಎಲ್ಲರೂ ಬಲ್ಲರು. ಛಾಯಾಚಿತ್ರವನ್ನಾದರೋ ಜನರು ಬೆಳಕಿನ ಸಾಕ್ಷ್ಯವೆಂದು ನಂಬುತ್ತಾರೆ. ಆದುದರಿಂದಲೇ ಒಳ್ಳೆಯ ಕೆಲಸಗಾರರಲ್ಲಿ ಒಂದು ರೂಢಿಯ ನಿಯಮವುಂಟು: ಹದಿನೈದು ದಿನಗಳಲ್ಲಿ ತಾನಾಗಿ ಮಾಯುವುದನ್ನು ತೆಗೆಯಬಹುದು, ಉಳಿಯುವುದನ್ನು ಉಳಿಸಬೇಕು. ಮೊಡವೆ ಹೋಗಬಹುದು, ಮಚ್ಚೆ ಹೋಗಕೂಡದು. ಬಿರುಕನ್ನು ಮುಚ್ಚುವುದರಲ್ಲಿ ದೋಷವಿಲ್ಲ. ಅದು ಕಾಗದದ ಗಾಯ, ತಾಯಿಯದಲ್ಲ. ಸಿಡುಬಿನ ಕಲೆಯಾದರೋ ಆಕೆ ಸಾವನ್ನು ಗೆದ್ದು ಉಳಿದುದರ ಗುರುತು. ಭಾರತವು ಆ ರೋಗದಿಂದ ಮುಕ್ತವಾಯಿತೆಂದು 1977ರಲ್ಲಿ ಸಾರಲಾಯಿತು. ಅಂತಹ ಕೆನ್ನೆಗಳನ್ನು ಮೊಮ್ಮಕ್ಕಳು ಇನ್ನೆಲ್ಲಿ ಕಾಣಬೇಕು?

ಇಲ್ಲಿ ಒಂದು ಆಕ್ಷೇಪಣೆ ಬಲವಾಗಿದೆ. ಆ ತಾಯಿಯೇ ತನ್ನ ಕಲೆಗಳಿಗಾಗಿ ನಾಚಿ, ಕ್ಯಾಮರದ ಎದುರು ಮುಖ ತಿರುಗಿಸುತ್ತಿದ್ದವಳಾದರೆ? ಬದುಕಿರುವಾಗ ಸಿಕ್ಕದ ನೆಮ್ಮದಿಯನ್ನು ಗೋಡೆಯ ಮೇಲಾದರೂ ಕೊಡುವುದು ದಯೆಯಲ್ಲವೆ? ಆಕೆ ಹಾಗೆ ಬಯಸಿದ್ದಳೆಂದು ಮಗನು ನಿಜವಾಗಿ ಬಲ್ಲನಾದರೆ, ಕಲೆಯನ್ನು ಮಾಸಲು ಮಾಡಿದವನನ್ನು ದೂಷಿಸಲಾಗದು. ಮುಖವು ಆಕೆಯದು, ನಿಯಮಕ್ಕಿಂತ ಆಕೆಯ ಇಚ್ಛೆ ಹಿರಿದು. ಆದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಮಾತನಾಡುವುದು ಆಕೆಯ ಇಚ್ಛೆಯಲ್ಲ, ಮನೆಗೆ ಬರುವ ನಂಟರ ಕಣ್ಣಿಗೆ ಅಂಜುವ ಮಗನ ಸಂಕೋಚ. ದಯೆಯೂ ಸಂಕೋಚವೂ ಒಂದೇ ಮಾತನ್ನಾಡುವುದರಿಂದ ಕೇಳುವವನಿಗೆ ಎರಡನ್ನು ಬೇರ್ಪಡಿಸುವುದು ಕಷ್ಟ.

ಮೂರನೆಯ ಕೋರಿಕೆಗಂತೂ ಈ ಸಮಾಧಾನವೂ ಇಲ್ಲ. ಬಣ್ಣವನ್ನು ತಿಳಿಯಾಗಿಸುವುದೆಂದರೆ ಆಕೆಯ ಬಣ್ಣವೇ ಒಂದು ಕುಂದೆಂದು ಒಪ್ಪಿಕೊಂಡಂತೆ. ಫ್ರಾನ್ಸ್ ದೇಶದಲ್ಲಿ ಜಾಹೀರಾತಿನ ರೂಪದರ್ಶಿಯ ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ತಿದ್ದಿದರೆ ಆ ಸಂಗತಿಯನ್ನು ಚಿತ್ರದೊಡನೆಯೇ ತಿಳಿಸಬೇಕೆಂಬ ಕಟ್ಟಳೆ 2017ರಲ್ಲಿ ಜಾರಿಗೆ ಬಂದಿತು. ಮನೆಯ ಗೋಡೆಗೆ ಅಂತಹ ಕಟ್ಟಳೆಯಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅಜ್ಜಿಯ ಕಪ್ಪನ್ನೇ ಪಡೆದು ಹುಟ್ಟಿದ ಮೊಮ್ಮಗಳು ಬೆಳೆಯುವುದು ಆ ಗೋಡೆಯ ಎದುರಿನಲ್ಲಿಯೇ. ನಿನಗೆ ಈ ಬಣ್ಣ ಯಾರಿಂದ ಬಂತೆಂದು ಯಾರಾದರೂ ಕೇಳಿದಾಗ ಆಕೆ ತಲೆಯೆತ್ತಿ ತೋರಿಸಬೇಕಾದ ಪಟ ಅದು.