ಬುದ್ಧಿಯಿದ್ದೂ ಎಡವುವುದೇಕೆ?

ಮನುಷ್ಯನು ತಪ್ಪು ನಿರ್ಧಾರವನ್ನು ಕೈಗೊಳ್ಳುವುದು ಬುದ್ಧಿಯ ಕೊರತೆಯಿಂದ ಎಂಬುದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆ ಪೂರ್ಣಸತ್ಯವಲ್ಲ. ಎತ್ತನ್ನು ಕೊಳ್ಳುವ ಮುನ್ನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ರೈತನೇ, ಮಗಳಿಗೆ ವರನನ್ನು ಗೊತ್ತುಮಾಡುವಾಗ ಹತ್ತು ಮನೆಗಳಲ್ಲಿ ವಿಚಾರಿಸುವ ಗೃಹಸ್ಥನೇ, ತಲೆಮಾರುಗಳಿಂದ ಬಂದ ಹೊಲವನ್ನು ಒಂದು ಸಂಜೆಯ ಮಾತಿಗೆ ಬಿಟ್ಟುಕೊಡುವುದುಂಟು. ಅಂದು ಅವನ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಅದು ಆಸೆಯ ಚಾಕರಿಗೆ ನಿಂತಿತ್ತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬೂದಿಗೆರೆ ಮತ್ತು ಅದರ ಆಸುಪಾಸಿನ ಗ್ರಾಮಗಳಿಗೆ ಈ ಪ್ರಶ್ನೆ ಕೇವಲ ತತ್ತ್ವವಿಚಾರವಲ್ಲ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆಗಳ ಈ ಸೀಮೆಯಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣವು 2008ರ ಮೇ 24ರಂದು ತೆರೆದ ಮೇಲೆ, ಹೊಲವನ್ನು ಪಲ್ಲದ ಲೆಕ್ಕದಲ್ಲಿ ಕಾಣುತ್ತಿದ್ದ ಕಣ್ಣು ಅಡಿಯ ಲೆಕ್ಕದಲ್ಲಿ ಕಾಣತೊಡಗಿತು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಪ್ರಕರಣಗಳು ರದ್ದಾಗಿ, ಕೃಷಿಕರಲ್ಲದವರೂ ಹೊಲವನ್ನು ಕೊಳ್ಳುವಂತಾಯಿತು. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ವಿರೋಧಿಸಿ ರೈತರು 2022ರಿಂದ ಮೂರು ವರ್ಷಗಳಿಗೂ ಮಿಕ್ಕು ಹೋರಾಡಿದರು. 2025ರ ಜುಲೈ 15ರಂದು ಸರ್ಕಾರವು ಸ್ವಾಧೀನವನ್ನು ಕೈಬಿಡುವುದಾಗಿ ಸಾರಿತು. ಸ್ವಇಚ್ಛೆಯಿಂದ ಕೊಡುವವರು ಕೊಡಬಹುದೆಂದೂ ತಿಳಿಸಿತು. ಬಲಾತ್ಕಾರ ತೊಲಗಿದೆಡೆಯಲ್ಲಿಯೇ ಆಯ್ಕೆಯ ಭಾರ ಮೊದಲಾಗುತ್ತದೆ. ಇನ್ನೊಬ್ಬರು ಕಿತ್ತುಕೊಂಡರೆ ದುಃಖವಷ್ಟೇ ಉಳಿಯುತ್ತದೆ. ತಾನೇ ಕೊಟ್ಟರೆ ಹೊಣೆಯೂ ತನ್ನದಾಗುತ್ತದೆ.

ಹೀಗೆ ಆಯುವಾಗ ಮನಸ್ಸು ಎಡವುವ ಎಡೆಗಳು ಮುಖ್ಯವಾಗಿ ಮೂರು. ಮೊದಲನೆಯದು, ಪ್ರಶ್ನೆಯನ್ನು ಪರರಿಂದ ಕಡ ತರುವುದು. ದಲ್ಲಾಳಿಯು ಮನೆಗೆ ಬಂದು “ಎಕರೆಗೆ ಎಷ್ಟು ಹೇಳುತ್ತೀರಿ, ಯಜಮಾನರೇ?” ಎಂದು ಕೇಳುತ್ತಾನೆ. ಯಜಮಾನನು ಬೆಲೆಯ ಚರ್ಚೆಗೆ ಇಳಿಯುತ್ತಾನೆ. ಕೊಡಬೇಕೆ, ಬೇಡವೆ ಎಂಬ ಮೂಲಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಆದರೂ ಅದಕ್ಕೆ ಉತ್ತರ ಕೊಟ್ಟಾಯಿತು. ಎರಡನೆಯದು, ನೆರೆಮನೆಯ ನೋಟ. ಪಕ್ಕದವನು ಮಹಡಿ ಕಟ್ಟಿಸಿದನು, ಕಾರು ತಂದನು. ಆ ಹಣ ಹತ್ತು ವರ್ಷಗಳ ಮೇಲೆ ಏನಾದೀತೆಂಬುದು ಬೀದಿಗೆ ಕಾಣಿಸದು. ಮಹಡಿ ಮಾತ್ರ ಕಾಣಿಸುತ್ತದೆ. ಮೂರನೆಯದು ಇವೆರಡಕ್ಕಿಂತಲೂ ಸೂಕ್ಷ್ಮವಾದುದು: ಮನಸ್ಸು ಮೊದಲು ನಿಶ್ಚಯಿಸಿ, ಆಮೇಲೆ ಕಾರಣಗಳನ್ನು ಹುಡುಕುವುದು. ಮಗನ ಓದು, ಮಗಳ ಮದುವೆ, ಮಳೆಯ ಅಭಾವ ಎಲ್ಲವೂ ನಿಜವೇ ಇರಬಹುದು. ಆದರೆ ನಿಶ್ಚಯದ ಹಿಂದೆ ಬಂದ ಕಾರಣವು ಸಾಕ್ಷಿಯಾಗದು, ವಕೀಲನಾಗುತ್ತದೆ. ವಕೀಲನಿಗೆ ಸಂಬಳ ಕೊಡುವುದು ಆಸೆ.

ಹೀಗೆಂದ ಮಾತ್ರಕ್ಕೆ ಮಾರುವುದೇ ಪಾಪ, ಮಾರದಿರುವುದೇ ಪುಣ್ಯವೆಂದು ತಿಳಿಯಲಾಗದು. ಸಾಲದ ಬಡ್ಡಿ ಬೆಳೆಯನ್ನು ಮೀರಿ ಬೆಳೆಯುತ್ತಿರುವಾಗ, ಕೊಳವೆಬಾವಿ ಬತ್ತಿ, ದುಡಿವ ಕೈಗಳೂ ಇಲ್ಲದಿರುವಾಗ, ಒಂದು ಭಾಗವನ್ನು ಮಾರಿ ಋಣದಿಂದ ಬಿಡುಗಡೆ ಹೊಂದುವುದು ವಿವೇಕವೇ ಆದೀತು. ಹಿರಿಯರ ಹೆಸರಿನ ಅಭಿಮಾನವೊಂದರಿಂದಲೇ ನೆಲವನ್ನು ಅಪ್ಪಿಕೊಂಡು ಮನೆಯವರನ್ನು ಬಡ್ಡಿಗೆ ಒತ್ತೆಯಿಡುವವನೂ ಎಡವಿದವನೇ. ಮೋಹಕ್ಕೆ ಹಣವೂ ಒಂದು ರೂಪ, ಮಣ್ಣೂ ಒಂದು ರೂಪ.

ಫಲದಿಂದಲೇ ನಿರ್ಧಾರವನ್ನು ಅಳೆಯುವುದೂ ಸರಿಯಲ್ಲ. ಮಾರಿದ ಮರುವರ್ಷ ಬೆಲೆ ಇಮ್ಮಡಿಸಿದರೆ ಜನರು ಅವನನ್ನು ಮೂರ್ಖನೆನ್ನುತ್ತಾರೆ. ಬೆಲೆ ಇಳಿದರೆ ಜಾಣನೆನ್ನುತ್ತಾರೆ. ಬೆಲೆಯ ಏರಿಳಿತ ಅವನ ಕೈಯಲ್ಲಿರಲಿಲ್ಲ. ತಿಳಿಯಬಹುದಾದುದನ್ನು ಅವನು ತಿಳಿದುಕೊಂಡನೆ, ಕೇಳಬೇಕಾದವರನ್ನು ಕೇಳಿದನೆ, ಆ ಹೊತ್ತಿನಲ್ಲಿ ಅವನ ಮನಸ್ಸು ಯಾರ ಅಂಕೆಯಲ್ಲಿತ್ತು ಎಂಬಿವು ಮಾತ್ರ ಅವನ ಹೊಣೆ.

ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವು ಶರಣಬಂಧುಗಳೆಲ್ಲರೂ ಬಲ್ಲುದೇ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಮಿಕ್ಕುದನ್ನು ಮೊದಲಿದ್ದೆಡೆಗೇ ಸುರಿದು ಬರಲು ಹೇಳಿದಳು. ಈ ಪ್ರಸಂಗವನ್ನು ನಿರ್ಲೋಭತೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ಒಳ್ಳೆಯ ಆಯ್ಕೆಯ ಕ್ರಮವೂ ಇದರಲ್ಲಿ ಅಡಗಿದೆ. ಇಂದಿಗೆ ಇಷ್ಟು ಸಾಕೆಂಬ ಅಳತೆ ಆ ಮನೆಯಲ್ಲಿ ಮೊದಲೇ ಗೊತ್ತಾಗಿದ್ದಿತು. ಆದುದರಿಂದಲೇ ಹೆಚ್ಚಾದುದು ಕಣ್ಣಿಗೆ ಬಿದ್ದಿತು. ಅಳತೆಯಿಲ್ಲದ ಮನೆಯಲ್ಲಿ ಎಷ್ಟು ಬಂದರೂ ಹೆಚ್ಚೆನಿಸದು. ಇನ್ನೊಂದು, ಅಕ್ಕಿ ಚೆಲ್ಲಿದೆಡೆಯಲ್ಲಿ ನಿಂತವನಿಗೆ ಕಾಣದುದು ಮನೆಯಲ್ಲಿದ್ದವಳಿಗೆ ಕಂಡಿತು. ಮತ್ತೂ ಒಂದು, ಮಾರಯ್ಯನು ಆ ಮಾತನ್ನು ಕೇಳಿದನು. ಹೇಳುವುದಕ್ಕಿಂತ ಕೇಳುವುದೇ ಕಠಿಣವಾದುದು.

ಗೃಹಸ್ಥನಿಗೆ ಇದರಿಂದ ದೊರೆಯುವ ದಾರಿ ಸರಳವಾಗಿದೆ. ದಲ್ಲಾಳಿ ಬರುವ ಮೊದಲೇ ಮನೆಮಂದಿ ಒಟ್ಟಿಗೆ ಕುಳಿತು ತಮಗೆ ಬೇಕಾದುದೇನು, ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಆ ಕೂಟದಲ್ಲಿ ಮಡದಿಯೂ ಹೆಣ್ಣುಮಕ್ಕಳೂ ಇರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ ಲಿಂಗಾಯತರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಬರಿಯ ಸಹಿಗಾಗಿ ಅವರನ್ನು ಕರೆಯುವುದು ನ್ಯಾಯವಲ್ಲ, ವಿಚಾರಕ್ಕಾಗಿ ಕರೆಯಬೇಕು. ಈ ವ್ಯವಹಾರದಿಂದ ಲಾಭವೂ ನಷ್ಟವೂ ಇಲ್ಲದ ಹಿರಿಯರೊಬ್ಬರ ಮಾತನ್ನೂ ಕೇಳಬೇಕು. ಮನಸ್ಸು “ಹೂಂ” ಎಂದ ದಿನ ಮುಂಗಡವನ್ನು ಮುಟ್ಟಬಾರದು. ನಾಳೆಗೆ ಈ ಬೆಲೆ ಇರದು ಎಂದು ಅವಸರಪಡಿಸುವವನಿಗೆ, ನಾಳೆಗೆ ನಿಲ್ಲದ ಮಾತು ಇಂದೂ ಬೇಡವೆಂದು ಹೇಳಬಲ್ಲವನು ಅರ್ಧ ಗೆದ್ದಂತೆ. ಉಳಿದರ್ಧಕ್ಕೆ ಬೆಳಗಿನ ಪೂಜೆಯ ಹೊತ್ತಿನ ಮೌನವೇ ಸಾಕು. ದಲ್ಲಾಳಿಯ ಮುಂದೆ ಜಾಣತನದಿಂದ ಆಡಿದ ಕಾರಣಗಳನ್ನು ಅಂಗೈಯ ಇಷ್ಟಲಿಂಗದ ಮುಂದೆ ಮತ್ತೊಮ್ಮೆ ಹೇಳಿಕೊಳ್ಳಲಿ. ಅಲ್ಲಿ ಹೇಳಲು ನಾಚುವ ಕಾರಣವನ್ನು ಕಾಗದಕ್ಕೆ ಇಳಿಸದಿರುವುದೇ ಲೇಸು.