ಇಂದಿನ ಧಮ್ಮ ಚಿಂತನೆ: ಉಬ್ಬಿದ ಮಾತು



ನಮ್ಮ ಕನ್ನಡದಲ್ಲಿ 'ಉಬ್ಬು' ಎಂಬ ಒಂದೇ ಪದ ಮೈಗೂ ಸಲ್ಲುತ್ತದೆ, ನಾಲಿಗೆಗೂ ಸಲ್ಲುತ್ತದೆ. ಹಲ್ಲುನೋವಿಗೆ ಕೆನ್ನೆ ಉಬ್ಬುತ್ತದೆ. ಹೊಗಳಿಕೆಗೆ ಮನುಷ್ಯ ಉಬ್ಬುತ್ತಾನೆ, ಆಮೇಲೆ ಇದ್ದದ್ದನ್ನು ಉಬ್ಬಿಸಿ ಹೇಳುತ್ತಾನೆ. 'ಬೀಗು' ಎಂಬುದಕ್ಕೂ ಊತ, ಗರ್ವ ಎರಡೂ ಅರ್ಥ.

ಊದಿಕೊಂಡ ಕಾಲು ನೋಡಲು ದಪ್ಪ, ಆದರೆ ಅದು ಶಕ್ತಿಯಲ್ಲ. ದಿನವಿಡೀ ತೋಟದಲ್ಲಿ ನಿಂತು ಬಂದವರಿಗೆ ಇದು ಗೊತ್ತು. ನೀರು ತುಂಬಿದ ಕಾಲನ್ನು ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. ಉಬ್ಬಿದ ಮಾತಿಗೂ ಇದೇ ಪರೀಕ್ಷೆ. ಒಂದು ಪ್ರಶ್ನೆ ಇಟ್ಟು ಒತ್ತಿ ನೋಡಿ.

ದೇವರಮನೆ ಕಡೆಯ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಮುಕ್ಕಾಲು ಗಂಟೆ ಬಾಬಾಸಾಹೇಬರಿಗೆ ಬಿರುದಿನ ಮೇಲೆ ಬಿರುದು ಪೋಣಿಸಿದರು. ಮುಗಿದ ಮೇಲೆ ಲೈನ್ ಮನೆಯ ಅಜ್ಜಿಯೊಬ್ಬರು ಎದ್ದು ನಿಂತರು: "ಅದೆಲ್ಲಾ ಸರಿ ಸಾರ್. ಕೆಲ್ಸ ಬಿಟ್ರೆ ಲೈನ್ ಮನೇನೂ ಬಿಡ್ಬೇಕು. ನಮ್ದು ಅಂತ ಒಂದು ನಿವೇಶನಕ್ಕೆ ಅರ್ಜಿ ಎಲ್ಲಿ ಕೊಡೋದು?" ಉತ್ತರ ಬರಲಿಲ್ಲ. ಗುಳಿ ಹಾಗೇ ಉಳಿಯಿತು.

ತಥಾಗತರ ಕಾಲದಲ್ಲೂ ಈ ಪ್ರಶ್ನೆ ಬಂದಿತ್ತು. ವಿನಯಪಿಟಕದ ಚುಲ್ಲವಗ್ಗದಲ್ಲಿ ಆ ಪ್ರಸಂಗವಿದೆ. ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಭಿಕ್ಕು ಸೋದರರು ಒಂದು ದೂರು ತಂದರು. ನಾನಾ ಕುಲದವರು ತಮ್ಮ ತಮ್ಮ ಆಡುಮಾತಿನಲ್ಲಿ ಬುದ್ಧವಚನವನ್ನು ಕೆಡಿಸುತ್ತಿದ್ದಾರೆ, ನಾವು ಅದನ್ನು ಛಂದಸ್ಸಿಗೆ ಏರಿಸುತ್ತೇವೆ ಎಂದರು. ತಥಾಗತರು ಒಪ್ಪಲಿಲ್ಲ. ಅವರನ್ನು ಗದರಿ, ಸ್ವಂತ ನುಡಿಯಲ್ಲೇ ಧಮ್ಮ ಕಲಿಯಲು ಅನುಮತಿ ಕೊಟ್ಟರು. ಕುಲದ ಹೆಮ್ಮೆ, ಭಾಷೆಯ ಆಡಂಬರ ಎರಡೂ ಒಂದೇ ಊತ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ನಾವು ಬಿಟ್ಟು ಬಂದ ಆ ಊತ ಪಾಳಿ ಪದಗಳ ರೂಪದಲ್ಲಿ ಮತ್ತೆ ನಮ್ಮೊಳಗೆ ಬರಬಾರದು.

ಸಮ್ಮಾ ವಾಚಾ ಎಂದರೆ ಸುಳ್ಳು, ಚಾಡಿ, ಬಿರುನುಡಿ ಬಿಡುವುದಷ್ಟೇ ಅಲ್ಲ. ನಾಲ್ಕನೆಯದೂ ಒಂದಿದೆ: ಸಂಫಪ್ಪಲಾಪ, ಹುರುಳಿಲ್ಲದ ಮಾತು. ಮೊದಲ ಮೂರನ್ನು ತಪ್ಪು ಎಂದು ಒಪ್ಪುತ್ತೇವೆ. ನಾಲ್ಕನೆಯದಕ್ಕೆ ಮೈಕ್ ಕೊಟ್ಟು ಹಾರ ಹಾಕುತ್ತೇವೆ.

ರಾಜಕೀಯದಲ್ಲಿ ವ್ಯಕ್ತಿಪೂಜೆ ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಬಾಬಾಸಾಹೇಬರು. ಅವರನ್ನೇ ಬಿರುದುಗಳಲ್ಲಿ ಮುಳುಗಿಸಿದರೆ ಗೌರವವಾಗುತ್ತದೆಯೇ?

*ಇಂದಿನ ಅಭ್ಯಾಸ:* ಆಡುವ ಮೊದಲು ಒಮ್ಮೆ ಕೇಳಿಕೊಳ್ಳೋಣ, ಇದರಿಂದ ಯಾರ ದುಃಖ ಕಡಿಮೆಯಾಗುತ್ತದೆ? ಬರುವ ಡಿಸೆಂಬರ್ 6ರ ಸಭೆಯಲ್ಲಿ ಸ್ವಾಗತ, ಸನ್ಮಾನ ಹತ್ತು ನಿಮಿಷಕ್ಕೆ ಮುಗಿಯಲಿ. ಉಳಿದ ಹೊತ್ತಿನಲ್ಲಿ ಒಂದು ಮೇಜು ಹಾಕಿ, ಬಂದವರಿಗೆ ಅರ್ಜಿ ಬರೆದುಕೊಡೋಣ.

ಭವತು ಸಬ್ಬ ಮಂಗಲಂ 🙏